ಋಣ ತೀರಿಸುವುದೂ ಕಾಯಕವೇ



ಈ ತಿಂಗಳ ಶಿವಾನುಭವ ಗೋಷ್ಠಿಗೆ ಪೂಜ್ಯರು ಕೊಟ್ಟ ವಿಷಯ ‘ಋಣ’. ಮಾತೃಋಣ, ಪಿತೃಋಣ, ಗುರುಋಣಗಳ ಬಗ್ಗೆ ಹೇಳಬಲ್ಲ ಅನುಭಾವಿಗಳು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಬಿ.ಕಾಂ. ಓದಿ ಶ್ರೀಮಠದ ರೋಕಡ ಪುಸ್ತಕ ಬರೆಯುವವನು. ನನಗೆ ಗೊತ್ತಿರುವ ಋಣ ಒಂದೇ. ನೋಟು ಬರೆದುಕೊಟ್ಟು ತಂದದ್ದು. ಅದರ ಬಗ್ಗೆಯೇ ಮಾತನಾಡಲು ಪೂಜ್ಯರ ಅಪ್ಪಣೆ ಕೇಳಿದೆ. “ಅದನ್ನೇ ಹೇಳಪ್ಪ, ಅದನ್ನು ಹೇಳುವವರೇ ಇಲ್ಲ” ಎಂದರು.

ಸಾಲ ತರುವಾಗಿನ ಸುಖವನ್ನೂ ಕೊಡುವಾಗಿನ ಸಂಕಟವನ್ನೂ ಕುರಿತ ಸರ್ವಜ್ಞನ ತ್ರಿಪದಿ ಎಲ್ಲರ ಬಾಯಲ್ಲೂ ಇದೆ. ಅದನ್ನು ಇಲ್ಲಿ ಮತ್ತೊಮ್ಮೆ ಹೇಳಿ ಸಮಯ ಕಳೆಯುವುದಿಲ್ಲ. ತ್ರಿಪದಿ ಬಾಯಿಗೆ ಬಂದಷ್ಟು ಸುಲಭವಾಗಿ ಲೆಕ್ಕ ಕೈಗೆ ಬರುವುದಿಲ್ಲವೆಂಬುದೇ ನಮ್ಮ ತೊಂದರೆಯಾಗಿದೆ.

ಮಠಕ್ಕೆ ಬರುವ ಭಕ್ತರಲ್ಲಿ ವರ್ಷಕ್ಕೆ ಹತ್ತಾರು ಮಂದಿ ಮನೆಯ ಮಾತು ತೆಗೆಯುತ್ತಾರೆ. ಊರಲ್ಲಿ ಹಳೆಯ ಮಾಳಿಗೆ ಸೋರುತ್ತಿದೆ, ಪಟ್ಟಣದಲ್ಲಿ ಒಂದು ಸೈಟು ನೋಡಿದ್ದೇವೆ, ಪಾಯ ತೋಡಲು ಒಳ್ಳೆಯ ದಿನ ತಿಳಿಸಿ ಎನ್ನುತ್ತಾರೆ. ಬಹಳ ಸಂತೋಷ. ಸಾಲ ಎಷ್ಟಿದೆ ಎಂದು ಕೇಳಿದೊಡನೆ ಗಂಡ ನೆಲ ನೋಡುತ್ತಾನೆ, ಹೆಂಡತಿ ಗಂಡನ ಮುಖ ನೋಡುತ್ತಾಳೆ. ಆಕೆಗೆ ಗೊತ್ತಿರುವ ಮೊತ್ತ ಒಂದು, ಆತ ತಂದಿರುವ ಮೊತ್ತ ಇನ್ನೊಂದು. ದಿನಶುದ್ಧಿ ನೋಡುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಅಲ್ಲಿಯೇ ಇದೆ.

ಇದು ಒಂದಿಬ್ಬರ ಮನೆಯ ಮಾತಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಆಂಧ್ರ ಪ್ರದೇಶದ ಬೇಸಾಯದ ಕುಟುಂಬಗಳಲ್ಲಿ ನೂರಕ್ಕೆ 93 ಸಾಲದಲ್ಲಿದ್ದವು. ಒಂದು ಕುಟುಂಬದ ಸರಾಸರಿ ಸಾಲ 2 ಲಕ್ಷ 45 ಸಾವಿರ ರೂಪಾಯಿ. ಇಡೀ ದೇಶದಲ್ಲಿ ಸಾಲದಲ್ಲಿದ್ದವರು ನೂರಕ್ಕೆ 50, ಸರಾಸರಿ 74 ಸಾವಿರ. ಮಡಕಶಿರಾ 2022ರ ಏಪ್ರಿಲಿನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಜಿಲ್ಲೆ ಎರಡಾದರೂ ಮಳೆ ಒಂದೇ. ವರ್ಷಕ್ಕೆ ಐನೂರೈವತ್ತು ಮಿಲಿಮೀಟರಿನ ಆಸುಪಾಸು, ಅದೂ ಬೇಕಾದಾಗ ಬಾರದು. ರಾಯದುರ್ಗದ ಕಡೆಯವರು ಶೇಂಗಾ ಎನ್ನಲಿ, ಮಡಕಶಿರಾದವರು ಕಡಲೆಕಾಯಿ ಎನ್ನಲಿ, ಮುಂಗಾರಿಗೆ ಬಿತ್ತಿದ್ದು ಕೈಗೆ ಬಂದರೆ ಬಂತು. ಕಣೇಕಲ್ಲು, ಬೊಮ್ಮನಹಾಳದ ಮೇಲ್ದಂಡೆ ಕಾಲುವೆಯ ನೀರು, ಅಗಳಿ, ರೊಳ್ಳ, ಅಮರಾಪುರದ ಕಡೆಯ ಅಡಕೆ ತೋಟಗಳು ಎಲ್ಲರಿಗೂ ಇಲ್ಲ. ಬೋರು ಕೊರೆಸಿ ನೀರು ಬೀಳದೆ ಹೋದವರ ಸಂಕಟವಂತೂ ಬೇರೆಯೇ. ಇಂತಹ ನಾಡಿನಲ್ಲಿ ಸಾಲ ಮಾಡಿದವನನ್ನು ಸೋಮಾರಿ ಎನ್ನುವವನು ಹೊಲ ಕಂಡವನಲ್ಲ.

ಆದರೆ ಸಾಲ ಬರಲು ಕಾರಣ ಮಳೆಯಾದರೂ, ಸಾಲ ಬೆಳೆಯಲು ಮಳೆ ಕಾರಣವಲ್ಲ. ಅದು ಬೆಳೆಯುವುದು ನಾವು ಲೆಕ್ಕ ನೋಡಲು ಹೆದರುವುದರಿಂದ.

ಶರಣರ ಸಂಪ್ರದಾಯದಲ್ಲಿ ಲೆಕ್ಕವೆಂಬುದು ಕೀಳು ಕೆಲಸವಾಗಿರಲಿಲ್ಲ. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದರು. ಅರಮನೆಯ ಹಣ ದಾಸೋಹಕ್ಕೆ ಹೋಗುತ್ತಿದೆಯೆಂದು ಚಾಡಿ ಹೇಳಿದವರಿದ್ದರು, ಭಂಡಾರದ ಲೆಕ್ಕ ತೆಗೆಸಿ ನೋಡಿದಾಗ ಒಂದು ಹಾಗವೂ ಕಡಿಮೆಯಿರಲಿಲ್ಲವೆಂದು ನಮ್ಮ ಪುರಾಣಗಳು ಹೇಳುತ್ತವೆ. ನಾವು ಈ ಪ್ರಸಂಗವನ್ನು ಪವಾಡವೆಂದು ಕೇಳಿ ಕೈಮುಗಿಯುತ್ತೇವೆ. ನನ್ನಂಥ ರೋಕಡದವನಿಗೆ ಅದರಲ್ಲಿ ಪವಾಡಕ್ಕಿಂತ ಹೆಚ್ಚಾಗಿ ಕಾಣುವುದು, ಯಾವ ಹೊತ್ತಿನಲ್ಲಿ ಯಾರು ಬಂದು ತೆಗೆಸಿದರೂ ಸರಿಯಿರುವಂತೆ ಇಟ್ಟ ಲೆಕ್ಕ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ತಿಳಿಯದವರು ಇಲ್ಲಿ ಯಾರೂ ಇಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಲ್ಲಿ ದಾಸೋಹ ನಡೆಸುತ್ತಿದ್ದವರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ; ಇದು ನಮ್ಮ ಪಾಲಿಗಿಂತ ಹೆಚ್ಚು, ಎಲ್ಲಿಂದ ತಂದಿರೋ ಅಲ್ಲಿಯೇ ಹಾಕಿ ಬನ್ನಿ ಎಂದರು. ಪ್ರವಚನಗಳಲ್ಲಿ ಇದನ್ನು ಆಸೆಯನ್ನು ಬಿಡುವ ಪಾಠವೆಂದು ವಿವರಿಸುತ್ತಾರೆ. ಅದು ಸರಿ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಮನೆಗೆ ಬಂದದ್ದು ಎಷ್ಟು, ಅದರಲ್ಲಿ ನಮ್ಮದು ಎಷ್ಟು, ನಮ್ಮದಲ್ಲದ್ದು ಎಷ್ಟು ಎಂಬುದು ಆ ತಾಯಿಗೆ ನೋಡಿದ ಕೂಡಲೇ ತಿಳಿಯಿತು. ಇಂದು ನಮ್ಮ ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಆ ಮಾತು ಹೇಳುವ ಅವಕಾಶವಿದೆ? ಗಂಡ ತಂದದ್ದು ಬೆಳೆಯ ದುಡ್ಡೋ, ಮಂಡಿಯ ಮುಂಗಡವೋ, ನೂರಕ್ಕೆ ಮೂರರ ಬಡ್ಡಿಯದೋ ಎಂಬುದೇ ಆಕೆಗೆ ತಿಳಿಯುವುದಿಲ್ಲ.

ತಂದ ಸಾಲ ಇನ್ನೊಬ್ಬರ ಕಾಯಕದ ಫಲ. ಅದು ನಮ್ಮ ಕೈಯಲ್ಲಿರುವಾಗ ನಾವು ಮಾಡುವ ಪೂಜೆ, ಜಾತ್ರೆ, ಹಬ್ಬ, ಕೊಡುವ ಕಾಣಿಕೆ ಎಲ್ಲವೂ ಇನ್ನೊಬ್ಬರ ಬೆವರಿನಲ್ಲಿ ನಡೆಯುತ್ತವೆ. ಅದನ್ನು ತೀರಿಸುವ ತನಕ ನಮ್ಮ ಕಾಯಕ ಪೂರ್ತಿಯಾಗಿ ನಮ್ಮದಾಗುವುದಿಲ್ಲ. ಆದ್ದರಿಂದ ಸಾಲ ತೀರಿಸುವುದನ್ನು ಕೇವಲ ವ್ಯವಹಾರವೆಂದು ನಾನು ಹೇಳಲಾರೆ. ಉಳುವುದು, ನೇಯುವುದು, ತೂಗುವುದು ಹೇಗೋ ಹಾಗೆ ಅದೂ ಒಂದು ಕಾಯಕ. ಕಾಯಕವಾದ ಮೇಲೆ ಅದಕ್ಕೂ ಒಂದು ಕ್ರಮವಿದೆ.

ಆ ಕ್ರಮವನ್ನು ಹೇಳಲು ಒಂದು ಮನೆಯ ಲೆಕ್ಕ ತೆಗೆದುಕೊಳ್ಳುತ್ತೇನೆ. ಹೆಸರು ಬೇಡ, ಊರೂ ಬೇಡ. ಮಡಕಶಿರಾ ಕಡೆಯವರು. ಹಿಪ್ಪುನೇರಳೆ ಹಾಕಿದ್ದಾರೆ, ಎರಡು ಹಸು, ಮಳೆ ಆಧಾರದ ನಾಲ್ಕು ಎಕರೆ. ಅವರ ಸಾಲ ನಾಲ್ಕು ಕಡೆ ಇತ್ತು. ಬ್ಯಾಂಕಿನ ಬೆಳೆಸಾಲ 1 ಲಕ್ಷ. ಒಡವೆ ಅಡವಿಟ್ಟದ್ದು 1 ಲಕ್ಷ 20 ಸಾವಿರ, ಬಡ್ಡಿ ವರ್ಷಕ್ಕೆ ಶೇಕಡಾ 9. ಮಂಡಿಯಿಂದ ಮುಂಗಡ 60 ಸಾವಿರ. ನೋಟು ಬರೆದುಕೊಟ್ಟ ಖಾಸಗಿ ಸಾಲ ಒಂದೂವರೆ ಲಕ್ಷ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ಇದರ ಜೊತೆಗೆ ಆ ತಾಯಿ ಹಾಲಿನ ದುಡ್ಡಿನಲ್ಲಿ ಉಳಿಸಿ, ಮನೆ ಕಟ್ಟಲೆಂದು ಅಂಚೆ ಕಚೇರಿಯಲ್ಲಿ ಇಟ್ಟಿದ್ದ 80 ಸಾವಿರ.

ಅವರು ಮೊದಲು ತೀರಿಸಬೇಕೆಂದಿದ್ದದ್ದು ಬ್ಯಾಂಕಿನದನ್ನು. ಕಾರಣ ಕೇಳಿದರೆ, “ಬ್ಯಾಂಕಿನೋರು ನೋಟೀಸು ಕಳಿಸ್ತಾರಣ್ಣ, ಊರಾಗೆ ಮರ್ಯಾದೆ ಹೋಗ್ತದೆ. ಸಾಹುಕಾರ್ರು ನಮ್ಮೋರೇ, ಬಡ್ಡಿ ಕೊಡ್ತಾ ಹೋದ್ರೆ ಏನೂ ಅನ್ನಲ್ಲ” ಎಂದರು. ಇದು ನಮ್ಮ ಸೀಮೆಯ ಬಹುತೇಕ ಮನೆಗಳ ಮಾತು. ಕಾಗದ ಕಳಿಸುವವನಿಗೆ ಹೆದರಿ, ನಗುವವನಿಗೆ ಬಡ್ಡಿ ತೆರುತ್ತೇವೆ.

ಈಗ ಲೆಕ್ಕ ನೋಡಿ. ಬೆಳೆಸಾಲಕ್ಕೆ ಕೇಂದ್ರದ ಬಡ್ಡಿ ರಿಯಾಯಿತಿಯಿರುವುದರಿಂದ ವರ್ಷಕ್ಕೆ ಶೇಕಡಾ 7. ಗಡುವಿನೊಳಗೆ ಕಟ್ಟಿದವರಿಗೆ ಇನ್ನೂ 3 ಕಡಿಮೆಯಾಗಿ ಬೀಳುವುದು ಶೇಕಡಾ 4. ಅಂದರೆ ಲಕ್ಷಕ್ಕೆ ವರ್ಷಕ್ಕೆ 4 ಸಾವಿರ. ಒಡವೆ ಸಾಲಕ್ಕೆ ವರ್ಷಕ್ಕೆ 10,800. ಖಾಸಗಿ ನೋಟಿಗೆ? ‘ಮೂರು ರೂಪಾಯಿ’ ಎಂದರೆ ಕಿವಿಗೆ ಸಣ್ಣದಾಗಿ ಕೇಳಿಸುತ್ತದೆ. ಅದು ವರ್ಷಕ್ಕೆ ಶೇಕಡಾ 36. ಒಂದೂವರೆ ಲಕ್ಷಕ್ಕೆ ತಿಂಗಳಿಗೆ 4,500, ವರ್ಷಕ್ಕೆ 54 ಸಾವಿರ. ನಾಲ್ಕು ಸಾಲಗಳಲ್ಲಿ ಮನೆಯನ್ನು ತಿನ್ನುತ್ತಿದ್ದದ್ದು ಇದೊಂದೇ.

ಬಡ್ಡಿ ಕೊಡದೆ ಬಿಟ್ಟವರ ಗತಿ ಇನ್ನೂ ಕಷ್ಟ. ಪ್ರಾಮಿಸರಿ ನೋಟಿಗೆ ಕಾನೂನಿನ ಅವಧಿ ಮೂರು ವರ್ಷ. ಆದ್ದರಿಂದ ಮೂರು ವರ್ಷ ತುಂಬುವಷ್ಟರಲ್ಲಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ನೋಟು ಬರೆಸಿಕೊಳ್ಳುವುದು ರೂಢಿ. ಒಂದು ಲಕ್ಷ ಮೂರು ವರ್ಷಕ್ಕೆ 2 ಲಕ್ಷ 8 ಸಾವಿರದ ನೋಟಾಗುತ್ತದೆ. ಇನ್ನು ಮೂರು ವರ್ಷ ಕಳೆದರೆ 4 ಲಕ್ಷ 32 ಸಾವಿರದ 640. ಆರು ವರ್ಷದಲ್ಲಿ ಒಂದು ಲಕ್ಷ ನಾಲ್ಕು ಲಕ್ಷ ದಾಟುವಂತೆ ಬೆಳೆಯುವ ಬೆಳೆ ನಮ್ಮ ಎರಡೂ ತಾಲ್ಲೂಕುಗಳ ಯಾವ ಹೊಲದಲ್ಲಿಯೂ ಇಲ್ಲ.

ಈ ಮನೆಯವರಿಗೆ ನಾನು ಹೇಳಿದ್ದು, ಅಂಚೆಯಲ್ಲಿರುವ ಹಣ ತೆಗೆದು ನೋಟಿನ ಅಸಲಿಗೆ ಕೊಡಿ ಎಂದು. ಅಲ್ಲಿ ಶೇಕಡಾ ಆರೂ ಮುಕ್ಕಾಲು ಬರುತ್ತದೆ, ಇಲ್ಲಿ 36 ಹೋಗುತ್ತಿದೆ; ಬಲಗೈಯಲ್ಲಿ ಕೂಡಿಟ್ಟು ಎಡಗೈಯಲ್ಲಿ ಐದರಷ್ಟು ಚೆಲ್ಲಿದಂತೆ. ಆ ತಾಯಿ ಒಪ್ಪಲಿಲ್ಲ. “ಆ ಪಾಸ್‌ಬುಕ್ಕು ಪೆಟ್ಟಿಗೇಲಿ ಐತೆ ಅಂತ ನನಗೆ ರಾತ್ರಿ ನಿದ್ದೆ ಬರ್ತದಣ್ಣ. ಅದನ್ನೂ ಕೊಟ್ಟು ಕೂತ್ರೆ, ನಾಳೆ ಮಗೀಗೆ ಜ್ವರ ಬಂದ್ರೆ ಮತ್ತೆ ಅದೇ ಸಾಹುಕಾರ್ರ ಬಾಗಿಲಿಗೆ ಹೋಗ್ಬೇಕು” ಎಂದರು. ಬಿ.ಕಾಂ. ಪುಸ್ತಕದಲ್ಲಿ ಈ ಮಾತಿಗೆ ಉತ್ತರವಿಲ್ಲ, ಆಕೆಯ ಮಾತಿನಲ್ಲಿ ಸತ್ಯವಿದೆ. ಕೈಯಲ್ಲಿ ಏನೂ ಇಲ್ಲದಂತೆ ಸಾಲ ತೀರಿಸಿದವನು ಮುಂದಿನ ಕಷ್ಟಕ್ಕೆ ಮೊದಲಿಗಿಂತ ಹೆಚ್ಚಿನ ಬಡ್ಡಿಗೆ ತರುತ್ತಾನೆ. ಕೊನೆಗೆ 20 ಸಾವಿರ ಆಕೆಯ ಹೆಸರಿನಲ್ಲಿಯೇ ಉಳಿಯಿತು, 60 ಸಾವಿರ ನೋಟಿಗೆ ಹೋಯಿತು.

ಇದರಿಂದ ಆದದ್ದೇನು? ಅಸಲು 90 ಸಾವಿರಕ್ಕೆ ಇಳಿಯಿತು, ತಿಂಗಳ ಬಡ್ಡಿ 4,500 ಇದ್ದದ್ದು 2,700 ಆಯಿತು. ಆದರೆ ಅವರು ಗೂಡು ಮಾರಿದ ಹಣ, ಹಾಲಿನ ಹಣ ಸೇರಿಸಿ ತಿಂಗಳಿಗೆ 4,500 ಕೊಡುವುದನ್ನು ನಿಲ್ಲಿಸಲಿಲ್ಲ. ಹೆಚ್ಚಾದ 1,800 ಅಸಲಿಗೆ ಹೋಯಿತು, ಮುಂದಿನ ತಿಂಗಳು ಬಡ್ಡಿ ಇನ್ನೂ ಕಡಿಮೆ, ಅಸಲಿಗೆ ಇನ್ನೂ ಹೆಚ್ಚು. ಹೀಗೆ ನಡೆದರೆ ನೋಟು ಮೂವತ್ತೊಂದು ತಿಂಗಳಲ್ಲಿ ಪೂರ್ತಿ ತೀರುತ್ತದೆ. ಹಿಂದಿನಂತೆ ಬರೀ ಬಡ್ಡಿ ಕೊಡುತ್ತಾ ಹೋಗಿದ್ದರೆ ಮೂವತ್ತೊಂದು ವರ್ಷವಾದರೂ ಅಸಲು ಒಂದೂವರೆ ಲಕ್ಷ ಅಲ್ಲಿಯೇ ಕೂತಿರುತ್ತಿತ್ತು. ಪ್ರತಿ ಸಲ ಕೊಟ್ಟದ್ದನ್ನು ನೋಟಿನ ಬೆನ್ನ ಮೇಲೆ ತಾರೀಖಿನ ಸಮೇತ ಜಮೆ ಬರೆಸಿಕೊಳ್ಳಬೇಕೆಂದು ನಾನು ಒತ್ತಿ ಹೇಳಿದೆ. ಬಾಯಿಮಾತಿನ ಜಮೆ ಜಮೆಯಲ್ಲ.

ಎಲ್ಲರಿಗೂ ತಿಂಗಳ ಆದಾಯವಿಲ್ಲ ಎಂದು ನೀವು ಹೇಳಬಹುದು. ನಿಜ. ಹಾಲು, ಗೂಡು ಇರುವ ಮನೆಯಲ್ಲಿ ಮೇಲಿಂದ ಮೇಲೆ ದುಡ್ಡು ಕಾಣುತ್ತದೆ. ರಾಯದುರ್ಗದಲ್ಲಿ ಸಿದ್ಧ ಉಡುಪಿನ ಹೊಲಿಗೆ ಕೂಲಿ ಮಾಡುವವರಿಗೆ ವಾರಕ್ಕೊಮ್ಮೆ. ಬರೀ ಶೇಂಗಾ ನಂಬಿದವನಿಗೆ ವರ್ಷಕ್ಕೊಮ್ಮೆ. ವರ್ಷಕ್ಕೊಮ್ಮೆ ಕಾಣುವವನು ಆ ಒಂದು ದಿನ ಮಂಡಿಯಿಂದ ಮನೆಗೆ ಬರುವ ಮೊದಲೇ ಎಷ್ಟು ಯಾರಿಗೆ ಎಂದು ತೀರ್ಮಾನಿಸಿರಬೇಕು. ಮನೆಗೆ ಬಂದ ಮೇಲೆ ದುಡ್ಡಿಗೆ ದಾರಿ ಹೇಳುವವರು ಬಹಳ.

ಮಂಡಿಯ ಮುಂಗಡದ ಮಾತನ್ನು ಬಿಟ್ಟೆನೆಂದು ವ್ಯಾಪಾರಸ್ಥ ಬಂಧುಗಳು ಸಮಾಧಾನಪಡುವುದು ಬೇಡ. ಮುಂಗಡಕ್ಕೆ ಬಡ್ಡಿಯಿಲ್ಲವೆನ್ನುತ್ತಾರೆ. ಆದರೆ ಮಾಲು ಅದೇ ಅಂಗಡಿಗೆ ಹಾಕಬೇಕು. ದರ ಅವರು ಹೇಳಿದ್ದು, ತೂಕ ಅವರು ಹಿಡಿದದ್ದು. ಬಡ್ಡಿ ಅಲ್ಲಿ ತಕ್ಕಡಿಯೊಳಗೆ ಕೂತಿರುತ್ತದೆ. ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನವರು ತಮ್ಮ ಹಗ್ಗಕ್ಕೆ ತಕ್ಕ ಬೆಲೆಗಿಂತ ಹೆಚ್ಚು ಬಂದಾಗ ಅದನ್ನು ಒಪ್ಪಿಕೊಳ್ಳಲಿಲ್ಲವೆಂದು ಕೇಳಿದ್ದೇವೆ. ತಕ್ಕಡಿ ಹಿಡಿಯುವ ಕಾಯಕದವರು ಆ ಶರಣರ ಜಯಂತಿಗೆ ಹಾರ ಹಾಕುವುದಷ್ಟೇ ಸಾಲದು.

ಇಲ್ಲಿ ಒಂದು ಕಷ್ಟದ ಮಾತನ್ನು ಆಡಲೇಬೇಕು. ಮಠದ ಪ್ರಸಾದದ ಪಂಕ್ತಿಯಲ್ಲಿ ನೋಟು ಬರೆಸಿಕೊಂಡವರೂ ಬರೆದುಕೊಟ್ಟವರೂ ಒಂದೇ ಸಾಲಿನಲ್ಲಿ ಕೂರುತ್ತಾರೆ, ಇಬ್ಬರ ಕೊರಳಲ್ಲೂ ಲಿಂಗವಿದೆ. ಹಣ ಕೊಟ್ಟವನು ಬಡ್ಡಿ ತೆಗೆದುಕೊಳ್ಳಲೇಬಾರದೆಂದು ನಾನು ಹೇಳುವುದಿಲ್ಲ. ಅಂಗಡಿಗೂ ಬಂಡವಾಳ ಬೇಕು, ಮುಳುಗುವ ಸಾಲವೂ ಇರುತ್ತದೆ. ಆದರೆ ಮೂರು ಕೆಲಸಗಳು ಶರಣಧರ್ಮಕ್ಕೆ ಸಲ್ಲವು. ಖಾಲಿ ನೋಟಿಗೆ, ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುವುದು. ಅಸಲಿಗೆಂದು ತಂದ ಹಣವನ್ನು ಬಡ್ಡಿಗೆ ಜಮೆ ಮಾಡುವುದು. ತೀರಿದ ಮೇಲೆ ನೋಟನ್ನು ವಾಪಸು ಕೊಡದೆ ‘ಹುಡುಕಿ ಕೊಡುತ್ತೇನೆ’ ಎನ್ನುವುದು.

ನಮ್ಮ ಈ ಸೀಮೆಯಲ್ಲಿಯೇ ಒಂದು ಕಾಯ್ದೆ ನಡೆದಿತ್ತು, ಅದನ್ನು ಹಿರಿಯರು ಮರೆತಿರಬಹುದು. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಮಡಕಶಿರಾ ಅನಂತಪುರದಲ್ಲಿ; ಎರಡೂ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ರಾಜಾಜಿಯವರ ಮಂತ್ರಿಮಂಡಲ 1938ರಲ್ಲಿ ಮದರಾಸು ಬೇಸಾಯಗಾರರ ಋಣಪರಿಹಾರ ಕಾಯ್ದೆ ತಂದಿತು. 1932ರ ಅಕ್ಟೋಬರಿಗೆ ಮುಂಚಿನ ಸಾಲಗಳಲ್ಲಿ, ಅಸಲು ಬಡ್ಡಿ ಸೇರಿ ಅಸಲಿನ ಎರಡರಷ್ಟನ್ನು ರೈತ ಆಗಲೇ ಕೊಟ್ಟಿದ್ದರೆ ಆ ಸಾಲ ತೀರಿತೆಂದೇ ಅದರಲ್ಲಿ ಬರೆದಿತ್ತು. ಆ ಕಾಯ್ದೆಯ ಕಾಲ ಮುಗಿಯಿತು. ಆದರೆ ನಮ್ಮ ಭಕ್ತರಾದ ಸಾಹುಕಾರರು ಅದೇ ನಿಯಮವನ್ನು ತಾವಾಗಿಯೇ ಇಟ್ಟುಕೊಳ್ಳಬಾರದೇಕೆ? ಒಂದು ಲಕ್ಷ ಕೊಟ್ಟೆ, ಎರಡು ಲಕ್ಷ ಬಂತು, ನೋಟು ಹರಿದೆ. ಕಾನೂನು ಹೇಳದಿದ್ದರೂ ಇದನ್ನು ಮಾಡಿದವರು ನಮ್ಮಲ್ಲಿ ಇದ್ದಾರೆ, ಅವರ ಹೆಸರು ಹೇಳಿದರೆ ಅವರೇ ಬೇಸರಪಡುತ್ತಾರೆ. ಉಳಿದವರೂ ಯೋಚಿಸಬೇಕೆಂದು ಪೂಜ್ಯರ ಸಮ್ಮುಖದಲ್ಲಿ ವಿನಂತಿಸುತ್ತೇನೆ.

ಸಾಲಮನ್ನಾ ಬರುತ್ತದೆಂದು ಕಟ್ಟದೆ ಕೂರುವವರಿಗೆ ಒಂದು ಮಾತು. 2008ರಲ್ಲಿ ಕೇಂದ್ರದ ಮನ್ನಾ ಬಂತು. 2014ರಲ್ಲಿ ಆಂಧ್ರದಲ್ಲಿ ಕುಟುಂಬಕ್ಕೆ ಒಂದೂವರೆ ಲಕ್ಷದವರೆಗೆ ಘೋಷಣೆಯಾಗಿ ಕಂತುಗಳಲ್ಲಿ ಹಣ ಬರತೊಡಗಿತು, 2019ರಲ್ಲಿ ಸರ್ಕಾರ ಬದಲಾದ ಮೇಲೆ ಕೊನೆಯ ಕಂತುಗಳು ನಿಂತುಹೋದವು. ಅಷ್ಟರಲ್ಲಿ ಕಟ್ಟದವರ ಖಾತೆ ಸುಸ್ತಿಯಾಗಿ, ಹೊಸ ಬೆಳೆಸಾಲ ಸಿಗದೆ, ನೂರಕ್ಕೆ ಮೂರರ ಬಾಗಿಲಿಗೆ ಹೋದರು. ಮನ್ನಾ ಎಂಬುದು ಬ್ಯಾಂಕಿನ ಸಾಲಕ್ಕೆ ಮಾತ್ರ, ಸಾಹುಕಾರನ ನೋಟಿಗೆ ಯಾವ ಸರ್ಕಾರವೂ ದುಡ್ಡು ಕಟ್ಟುವುದಿಲ್ಲ. ಇದಕ್ಕಿಂತ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಿಡಿದ ದಾರಿ ಮೇಲು. ಊರವರ ಹಣವನ್ನೇ ಕೂಡಿಸಿ ಊರವರಿಗೇ ಸಾಲ ಕೊಡುವ ಸಂಘವನ್ನು ಅವರು ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಇಂದಿಗೂ ಅದರ ಹೆಸರಿದೆ. ನಮ್ಮ ತಾಯಂದಿರು ಡ್ವಾಕ್ರಾ ಗುಂಪುಗಳಲ್ಲಿ ಮಾಡುತ್ತಿರುವುದೂ ಅದನ್ನೇ. ಗುಂಪಿನ ಅಗ್ಗದ ಸಾಲ ತೆಗೆದು ಗಂಡನ ದುಬಾರಿ ನೋಟು ತೀರಿಸಿದರೆ ಒಳ್ಳೆಯದು. ಆದರೆ ಗಂಡ ಆ ನೋಟು ಹರಿದುಹಾಕಿದ್ದನ್ನು ಕಣ್ಣಾರೆ ನೋಡಬೇಕು. ಇಲ್ಲವಾದರೆ ಎರಡು ಸಾಲವಾಗುತ್ತದೆ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುತ್ತೇವೆನ್ನುವ ಆ್ಯಪ್‌ಗಳ ಸಹವಾಸ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರಿಗೆ ಬೇಡವೇ ಬೇಡ.

ಮಠದ ಮಾತಿಗೂ ಬರುತ್ತೇನೆ. ಪಾದಪೂಜೆಗೆ, ಅಡ್ಡಪಲ್ಲಕ್ಕಿಗೆ, ಜಾತ್ರೆಯ ದಾಸೋಹಕ್ಕೆ ಸಾಲ ಮಾಡಿ ಕಾಣಿಕೆ ತರಬಾರದೆಂದು ಪೂಜ್ಯರ ಅಪ್ಪಣೆಯಾಗಿದೆ. ಸಾಲ ಇರುವ ಮನೆಯವರು ಒಂದು ಸೇರು ಜೋಳ ತಂದರೆ ಸಾಕು, ಅದನ್ನೂ ತರದಿದ್ದರೆ ಪಂಕ್ತಿಯಲ್ಲಿ ಬಡಿಸಲು ಬಂದರೆ ಸಾಕು. ಇನ್ನೊಂದು ವಿಚಿತ್ರವಿದೆ. ಬಸವ ಜಯಂತಿಯೂ ಅಕ್ಷಯ ತದಿಗೆಯೂ ಒಂದೇ ದಿನ ಬರುತ್ತವೆ. ಬೆಳಿಗ್ಗೆ ಬಸವಣ್ಣನವರ ತೊಟ್ಟಿಲು ತೂಗಿ, ಮಧ್ಯಾಹ್ನ ಬಡ್ಡಿಗೆ ದುಡ್ಡು ತಂದು ಬಂಗಾರದ ಅಂಗಡಿಯಲ್ಲಿ ಸಾಲಾಗಿ ನಿಲ್ಲುತ್ತೇವೆ! ಆ ಬಂಗಾರ ಮುಂಗಾರಿಗೆ ಮತ್ತೆ ಅಡ ಹೋಗುತ್ತದೆ.

ಇನ್ನು ಮನೆ. ನಾನು ಹೇಳಿದ ಕುಟುಂಬದ ನೋಟು ತೀರಿದ ದಿನ ತಿಂಗಳಿಗೆ 4,500 ಕೊಟ್ಟು ಅಭ್ಯಾಸವಾಗಿರುತ್ತದೆ. ಆ ಅಭ್ಯಾಸವನ್ನು ಬಿಡದೆ ಅದೇ 4,500ನ್ನು ಅಂಚೆ ಕಚೇರಿಯ ಆವರ್ತಿತ ಠೇವಣಿಗೆ ಹಾಕಿದರೆ, ಬಡ್ಡಿ ಶೇಕಡಾ 6.7 ಎಂದು ಹಿಡಿದರೂ ಐದು ವರ್ಷಕ್ಕೆ ಸುಮಾರು 3 ಲಕ್ಷ 21 ಸಾವಿರ ಬರುತ್ತದೆ. ಸೈಟಿಗೋ ಪಾಯಕ್ಕೋ ಅದು ಸ್ವಂತ ಹಣ. ಸಾಲ ತೀರಿಸಿದ ಶಿಸ್ತೇ ಮನೆಯ ಉಳಿತಾಯವಾಗುವುದು ಹೀಗೆ. ಇದು ನಿಧಾನವೆಂದು ತೋರಿದವರು ಬೇಗ ಬರುವ ದಾರಿ ಹುಡುಕುತ್ತಾರೆ. ತಿಂಗಳ ಕಂತು ಕಟ್ಟಿದರೆ ಸೈಟು, ಇಲ್ಲವೇ ದುಪ್ಪಟ್ಟು ಹಣ ಎಂದು ಹೇಳಿ ಊರೂರಿಗೂ ಏಜೆಂಟರನ್ನು ಇಟ್ಟಿದ್ದ ಅಗ್ರಿಗೋಲ್ಡ್ ಕಂಪನಿ 2014-15ರಲ್ಲಿ ಕುಸಿದಾಗ ಆಂಧ್ರ, ಕರ್ನಾಟಕ ಸೇರಿ ಹಲವು ರಾಜ್ಯಗಳ ಲಕ್ಷಾಂತರ ಜನ ಹಣ ಕಳೆದುಕೊಂಡರು. ಊರಿನಲ್ಲಿ ನಂಬಿಕೆಯ ಮೇಲೆ ನಡೆಯುವ ಚೀಟಿಗಳೂ ಅಷ್ಟೇ. ನೋಂದಣಿಯಿದ್ದರೆ ಪತ್ರ ತೋರಿಸಲಿ, ಇಲ್ಲವಾದರೆ ಮನೆಯ ದುಡ್ಡು ಅಲ್ಲಿ ಬೇಡ.

ಗೃಹಸಾಲ ತಪ್ಪಲ್ಲ. ನೂರಕ್ಕೆ ಮೂರರ ಸಾಲ ಇರುವಾಗ ಅದರ ಮೇಲೆ ಗೃಹಸಾಲ ಹೇರುವುದು ತಪ್ಪು. ಹತ್ತು ಲಕ್ಷ ರೂಪಾಯಿಯನ್ನು ಶೇಕಡಾ 9ಕ್ಕೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 9 ಸಾವಿರ, ಒಟ್ಟು ಕಟ್ಟುವುದು 21 ಲಕ್ಷ 59 ಸಾವಿರ. ಅದನ್ನೇ 15 ವರ್ಷಕ್ಕೆ ತೆಗೆದರೆ ಕಂತು 10,143. ಒಟ್ಟು 18 ಲಕ್ಷ 25 ಸಾವಿರ. ತಿಂಗಳಿಗೆ ಸಾವಿರದ ಚಿಲ್ಲರೆ ಹೆಚ್ಚು ಕೊಟ್ಟರೆ ಮೂರು ಲಕ್ಷಕ್ಕೂ ಮೀರಿ ಉಳಿತಾಯ. ಆದರೆ ಮಗನಿಗೆ ಸಂಬಳವಿದ್ದು ಆತ ಕಂತಿಗೆ ಹೆಗಲು ಕೊಟ್ಟರೆ ಮಾತ್ರ ಇದು ನಡೆಯುತ್ತದೆ. ಬರೀ ಮಳೆಯ ಬೆಳೆ ನಂಬಿ ತಿಂಗಳ ಕಂತಿಗೆ ಸಹಿ ಹಾಕಬೇಡಿ. ಬೆಳೆಗೆ ತಿಂಗಳು ಗೊತ್ತಿಲ್ಲ. ಒಳ್ಳೆಯ ಬೆಳೆ ಬಂದ ವರ್ಷ ಗಟ್ಟಿ ಮೊತ್ತವನ್ನು ಅಸಲಿಗೆ ಕಟ್ಟಿ. ದರ ಬದಲಾಗುವ ಬಗೆಯ ಗೃಹಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಬ್ಯಾಂಕುಗಳಿಗೆ ಹೇಳಿದೆ. ಮನೆಯನ್ನು ಎರಡು ಕೋಣೆಗೆ ಕಟ್ಟಿ, ಮುಂದೆ ಬೆಳೆಸಲು ಜಾಗ ಬಿಡಿ. ಗೃಹಪ್ರವೇಶಕ್ಕೆ ಸಾವಿರ ಎಲೆ ಹಾಕುವ ಹಣದಲ್ಲಿ ಒಂದು ಕೋಣೆ ಏಳುತ್ತದೆ.

ಕಡೆಯದಾಗಿ ಕಾಗದಪತ್ರ. ನಾವು ಮನೆಯಲ್ಲಿ ಕನ್ನಡ ಆಡುತ್ತೇವೆ, ಈ ಪತ್ರಿಕೆಯನ್ನು ಕನ್ನಡದಲ್ಲಿ ಓದುತ್ತೇವೆ. ನೋಟು, ಕ್ರಯಪತ್ರ, ಬ್ಯಾಂಕಿನ ಫಾರಂ ಮಾತ್ರ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ತೆಲುಗು ಲಿಪಿ ನಮ್ಮದಕ್ಕೆ ಹತ್ತಿರವಾದ್ದರಿಂದ ಅಕ್ಷರ ಕೂಡಿಸಿ ಓದುತ್ತೇವೆ, ಅರ್ಥವಾಯಿತೆಂದುಕೊಳ್ಳುತ್ತೇವೆ. ‘ತನಖಾ’ ಎಂದರೆ ಅಡಮಾನ. ‘ಹಾಮೀ’ ಎಂದರೆ ಜಾಮೀನು. ಹಾಮೀದಾರನೆಂದು ಸಹಿ ಹಾಕಿದರೆ ಆ ಸಾಲ ನಿಮ್ಮದೂ ಹೌದು. ‘ವಿಕ್ರಯ’ ಎಂದಿದ್ದರೆ ಅದು ಮಾರಾಟ. ಅಡಮಾನವೆಂದು ಬಾಯಲ್ಲಿ ಹೇಳಿ ವಿಕ್ರಯದ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಹೊಲವೇ ಹೋಗುತ್ತದೆ. ಸೈಟು ಕೊಳ್ಳುವಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ. ನಮ್ಮ ಕಡೆ ಪಹಣಿ ಎನ್ನುವುದು ಇಲ್ಲಿ ಅಡಂಗಲ್. ಅದನ್ನೂ ಪಟ್ಟಾದಾರ್ ಪಾಸ್‌ಬುಕ್ಕನ್ನೂ ಹೋಲಿಸಿ ನೋಡಿ. ಸರ್ಕಾರ ಬಡವರಿಗೆ ಹಂಚಿದ ಡಿ ಪಟ್ಟಾ ಜಮೀನಿನ ಪರಭಾರೆಗೆ 1977ರ ಆಂಧ್ರ ಕಾಯ್ದೆಯ ನಿರ್ಬಂಧವಿದೆ, ಈಚೆಗೆ ತಿದ್ದುಪಡಿಗಳೂ ಆಗಿವೆ. ಅಂತಹ ಸೈಟು ಅಗ್ಗಕ್ಕೆ ಬಂತೆಂದು ವಕೀಲರನ್ನು ಕೇಳದೆ ಮುಂಗಡ ಕೊಡಬೇಡಿ.

ಮುಂದಿನ ಅಮಾವಾಸ್ಯೆಯಿಂದ ಪ್ರತಿ ಅಮಾವಾಸ್ಯೆ, ಪ್ರಸಾದವಾದ ಮೇಲೆ ಶ್ರೀಮಠದ ಕಚೇರಿಯಲ್ಲಿ ನಾನೂ, ತೆಲುಗು ಓದುಬರಹ ಬಲ್ಲ ನಿವೃತ್ತ ಉಪಾಧ್ಯಾಯರೊಬ್ಬರೂ ಕೂತಿರುತ್ತೇವೆ. ಸಹಿ ಹಾಕುವ ಮೊದಲಿನ ಕಾಗದ ತನ್ನಿ, ಹಾಕಿದ ಮೇಲಿನದ್ದನ್ನೂ ತನ್ನಿ. ಯಾರಿಗೆ ಎಷ್ಟು, ಯಾವ ಬಡ್ಡಿ, ಎಂದಿನಿಂದ ಎಂದು ಒಂದು ಹಾಳೆಯ ಮೇಲೆ ಬರೆದು ತಂದರೆ ಕೆಲಸ ಬೇಗ ಆಗುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತೇವೆ. ಹಾಳೆ ನಿಮ್ಮ ಕೈಗೇ ವಾಪಸು ಬರುತ್ತದೆ, ಮಠದಲ್ಲಿ ಇಟ್ಟುಕೊಳ್ಳುವುದಿಲ್ಲ. ಗಂಡಸರು ಒಬ್ಬರೇ ಬರಬೇಡಿ, ಮನೆಯ ತಾಯಂದಿರನ್ನು ಕರೆದುಕೊಂಡು ಬನ್ನಿ. ನೋಟು ಬರೆಸಿಕೊಂಡ ಸಾಹುಕಾರರು ಬಂದು ಎದುರಿಗೆ ಕೂತು ಜಮೆ ಬರೆದರೆ ಅವರಿಗೂ ಒಂದು ಲೋಟ ಬೆಲ್ಲದ ಕಾಫಿ ಇದೆ.